ಕರಿಬೇವಿನ ಕೊಂಬೆಗೊಂದು ಅಂಗಿ

ಕರಿಬೇವಿನ ಗಿಡವಿಲ್ಲದ ಹಿತ್ತಲು ನಮ್ಮ ನಗರಗಳಲ್ಲಿಯೂ ಅಪರೂಪ. ಹಿತ್ತಲಿಲ್ಲದವರು ಮಹಡಿಯ ಮೇಲಿನ ಕುಂಡದಲ್ಲಾದರೂ ಒಂದನ್ನು ಬೆಳೆಸಿಕೊಂಡಿರುತ್ತಾರೆ. ಮಳೆ ಬಿದ್ದು ಆ ಗಿಡ ಚಿಗುರಿತೆಂದರೆ ಮನೆಯಲ್ಲಿ ಒಂದು ಸಣ್ಣ ವ್ಯಾಜ್ಯ ಹುಟ್ಟುವುದುಂಟು. ಒಗ್ಗರಣೆಗೆಂದು ಎಲೆ ಕೀಳಲು ಹೋದ ಗೃಹಿಣಿಗೆ ಬೋಳಾದ ಕಡ್ಡಿಗಳೂ ಅವುಗಳನ್ನಪ್ಪಿ ಕುಳಿತ ದಪ್ಪ ಹಸಿರು ಹುಳುಗಳೂ ಕಾಣುತ್ತವೆ. ಆಕೆ ಪೊರಕೆಕಡ್ಡಿಯನ್ನು ಹುಡುಕುತ್ತಾಳೆ. “ಬೇಡಮ್ಮ, ಅದು ಚಿಟ್ಟೆಯಾಗುತ್ತೆ” ಎಂದು ಮಕ್ಕಳು ಅಡ್ಡ ನಿಲ್ಲುತ್ತಾರೆ. ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ. ಮೊಣಕಾಲೆತ್ತರದ ಗಿಡವನ್ನು ಐದಾರು ಹುಳುಗಳು ಕೆಲವೇ ದಿನಗಳಲ್ಲಿ ಬರಿದು ಮಾಡಬಲ್ಲವು. ಹಾಗೆಂದು, ನಾಳೆ ಸಾರಿಗೆ ಹಾಕಬೇಕಾದ ಎಲೆಗೆ ಇಂದು ವಿಷ ಸಿಂಪಡಿಸುವುದು ಯಾವ ಜಾಣತನ?

ಈ ವ್ಯಾಜ್ಯವನ್ನು ಹಳೆಯ ಬಟ್ಟೆಯ ಒಂದು ತುಂಡು ತೀರಿಸಬಲ್ಲುದು. ಒಂದು ಕೊಂಬೆಯನ್ನು ಹುಳುವಿನ ಪಾಲಿಗೆ ಬಿಟ್ಟು ಅದಕ್ಕೆ ಬಟ್ಟೆಯ ತೋಳು ತೊಡಿಸಿದರೆ, ಉಳಿದ ಗಿಡ ಅಡಿಗೆಮನೆಗೆ ದಕ್ಕುತ್ತದೆ. ಕೀಟಗಳನ್ನು ಸಾಕಿ ಅಭ್ಯಾಸ ಮಾಡುವವರು ಬಹುಕಾಲದಿಂದ ಅನುಸರಿಸುತ್ತ ಬಂದ ಕ್ರಮವಿದು.

ಸವೆದ ಮಲ್ ಪಂಚೆಯಾಗಲಿ ತೆಳುವಾದ ವಾಯಿಲ್ ಸೀರೆಯಾಗಲಿ ಆದೀತು. ಪ್ಲಾಸ್ಟಿಕ್ ಚೀಲ ಮಾತ್ರ ಕೂಡದು. ಒಳಗೆ ಬೆವರು ಕಟ್ಟಿ ಬೂಷ್ಟು ಹಿಡಿಯುತ್ತದೆ. ಪೆಟ್ಟಿಗೆಯಿಂದ ತೆಗೆದ ಬಟ್ಟೆಯಾದರೆ ನುಸಿಗುಳಿಗೆಯ ವಾಸನೆ ಹೋಗುವವರೆಗೆ ಒಗೆದು ಬಿಸಿಲಿಗೆ ಹಾಕಬೇಕು, ಏಕೆಂದರೆ ಆ ವಾಸನೆ ಹುಳುವಿಗೂ ಮಾರಕ. ಒಂದು ಗಜ ಅಗಲ, ಮುಕ್ಕಾಲು ಗಜ ಉದ್ದದ ತುಂಡನ್ನು ಅಗಲಕ್ಕೆ ಇಮ್ಮಡಿಸಿ, ಎರಡು ಅಂಚುಗಳನ್ನು ಕೂಡಿಸಿ ಹೊರಮೈಯಿಂದ ಓಡುಹೊಲಿಗೆ ಹಾಕಿ. ಆಮೇಲೆ ಒಳಮಗ್ಗುಲನ್ನು ಹೊರಕ್ಕೆ ತಿರುವಿ, ಮೊದಲ ಅಂಚು ಮುಚ್ಚಿಹೋಗುವಂತೆ ಇನ್ನೊಂದು ಸಾಲು ಹೊಲಿಯಿರಿ. ಈ ಎರಡನೆಯ ಸಾಲನ್ನು ಸೋಮಾರಿತನದಿಂದ ಬಿಡಬಾರದು. ಬಿಚ್ಚಿದ ನೂಲಿನ ಎಳೆಗೆ ಮರಿಹುಳುವಿನ ಕಾಲು ಸಿಕ್ಕಿಕೊಳ್ಳುತ್ತದೆ. ಎರಡೂ ಬಾಯಿಗಳಲ್ಲಿ ಒಂದಂಗುಲ ಮಡಿಚಿ ಹೊಲಿದು, ಪಿನ್ನಿನ ಸಹಾಯದಿಂದ ಲಾಡಿ ಪೋಣಿಸಿದರೆ ಕೆಲಸ ಮುಗಿಯಿತು. ಹೊಲಿಗೆ ಕಲಿಯುತ್ತಿರುವ ಹತ್ತು ವರ್ಷದ ಹುಡುಗಿಗೂ—ಹುಡುಗನಿಗೂ ಎನ್ನೋಣ—ಒಂದು ಮಧ್ಯಾಹ್ನದ ಕೆಲಸ.

ಕೊಂಬೆಯಲ್ಲಿ ಜೇಡ, ಇರುವೆಗಳಿಲ್ಲವೆಂದು ನೋಡಿಕೊಂಡು, ಎರಡು ಮೂರು ಹುಳುಗಳನ್ನು ಅವು ಕುಳಿತ ಎಲೆಯ ಸಮೇತ ಒಳಗಿಟ್ಟು, ಬುಡದ ಕಡೆ ಹತ್ತಿ ಸುತ್ತಿ ಲಾಡಿ ಬಿಗಿಯಬೇಕು. ತುದಿಯ ಬಾಯನ್ನು ದಿನಕ್ಕೊಮ್ಮೆ ಬಿಚ್ಚಿ ಹಿಕ್ಕೆ ಉದುರಿಸಬಹುದು. ನೋಡುವುದಕ್ಕೂ ಅದೇ ಕಿಟಕಿ. ಎಲೆ ಮುಗಿದರೆ ಬೇರೆ ಕೊಂಬೆ. ಅಲುಗಾಡದೆ ಕುಳಿತ ಹುಳು ಪೊರೆ ಬಿಡುತ್ತಿರಬಹುದಾದ್ದರಿಂದ ಅದನ್ನು ಎಳೆಯಬಾರದು.

ಕರಿಬೇವಿಗೆ ಬರುವ ಹುಳು ಬಹುಮಟ್ಟಿಗೆ ‘ಕಾಮನ್ ಮಾರ್ಮನ್’ ಎಂಬ ಚಿಟ್ಟೆಯದು. ತಾಯಿ ಚಿಗುರೆಲೆಗಳ ಮೇಲೆ ಸಾಸಿವೆಗಿಂತ ಕಿರಿದಾದ ತಿಳಿಹಳದಿ ಮೊಟ್ಟೆಗಳನ್ನು ಬಿಡಿಬಿಡಿಯಾಗಿ ಇಡುತ್ತದೆ. ಮರಿಯ ರೂಪ ಥೇಟ್ ಹಕ್ಕಿಯ ಹಿಕ್ಕೆಯದು! ಹಕ್ಕಿ ತನ್ನ ಹಿಕ್ಕೆಯನ್ನು ತಿಂದೀತೆ? ನಾಲ್ಕು ಬಾರಿ ಪೊರೆ ಕಳಚುವ ಹೊತ್ತಿಗೆ ಅದು ಎಲೆಹಸಿರಾಗುತ್ತದೆ. ಮೆಲ್ಲನೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲುಕೊಂಬೊಂದು ಹೊರಬಂದು ಘಾಟು ಬೀರುತ್ತದೆ. ನಮ್ಮ ಕಾವ್ಯದಲ್ಲಿ ದುಂಬಿಗೆ ಪಂಪನ ಕಾಲದಿಂದಲೂ ಮನ್ನಣೆಯುಂಟು. ಹುಳುವಿಗೆ ಅಂಥ ಗೌರವ ಸಂದಂತಿಲ್ಲ.

ಆದರೆ ನೂಲಿನ ಕೆಲಸದಲ್ಲಿ ಈ ಹುಳು ನಮಗೆ ಬಿಟ್ಟುಕೊಡುವುದಿಲ್ಲ. ಬೆಳವಣಿಗೆ ಮುಗಿದಾಗ ಅದು ಕಡ್ಡಿಯ ಮೇಲೆ ರೇಷ್ಮೆಯ ಸಣ್ಣ ಮೆತ್ತೆಯೊಂದನ್ನು ನೇಯ್ದು, ಅದರಲ್ಲಿ ಹಿಂಗಾಲುಗಳನ್ನು ಊರುತ್ತದೆ. ಬಳಿಕ ತಲೆಯನ್ನು ಎಡಕ್ಕೂ ಬಲಕ್ಕೂ ಮತ್ತೆ ಮತ್ತೆ ತೂಗಿ, ಎಳೆಯ ಮೇಲೆ ಎಳೆ ಕೂಡಿಸಿ, ಮೈಯನ್ನು ಬಳಸುವ ಒಂದು ಪಟ್ಟಿ ಕಟ್ಟಿಕೊಳ್ಳುತ್ತದೆ. ಕಡೆಯ ಪೊರೆ ಕಳಚಿ ಕೋಶವಾದ ಮೇಲೆ ಆ ಪಟ್ಟಿಯ ಆಸರೆಯಲ್ಲಿಯೇ ಅದರ ಬಾಳು. ಅಪಾಯವೂ ಆಗಲೇ ಹೆಚ್ಚು. ಕೋಶದ ಮೈ ಇನ್ನೂ ಮೆತ್ತಗಿರುವಾಗ ಅದರೊಳಗೆ ಮೊಟ್ಟೆಯಿಡಲು ಹೊಂಚುವ ಪುಟ್ಟ ಕಣಜಗಳಿವೆ. ಅಂಥ ಕೋಶದಿಂದ ಚಿಟ್ಟೆಗೆ ಬದಲು ಕಣಜಗಳ ಹಿಂಡೇ ಹೊರಬರುತ್ತದೆ. ಬಟ್ಟೆಯ ನೇಯ್ಗೆ ಒತ್ತಾಗಿರಬೇಕೆನ್ನುವುದು ಇದಕ್ಕಾಗಿ. ಸೊಳ್ಳೆಪರದೆಯ ಕಣ್ಣು ಈ ಕಳ್ಳರನ್ನು ತಡೆಯಲಾರದು.

ಎರಡು ವಾರದೊಳಗೆ, ಸಾಮಾನ್ಯವಾಗಿ ಬೆಳಗಿನ ಹೊತ್ತು, ಮುದುಡಿದ ರೆಕ್ಕೆಯ ಚಿಟ್ಟೆ ಹೊರಬರುತ್ತದೆ. ಮುಟ್ಟದೆ ಬಿಟ್ಟರೆ ಒಂದೆರಡು ಗಂಟೆಗಳಲ್ಲಿ ರೆಕ್ಕೆ ಹರಡಿ ಗಟ್ಟಿಯಾಗುತ್ತದೆ. ಕರಿಯ ಹಿಂರೆಕ್ಕೆಗೆ ಬಿಳಿಚುಕ್ಕೆಗಳ ಸಾಲಿದ್ದರೆ ಬಹುಶಃ ಗಂಡು. ಬಹುಶಃ ಎನ್ನಲು ಕಾರಣವಿದೆ: ಹೆಣ್ಣುಗಳಲ್ಲಿ ಕೆಲವು ಗಂಡನ್ನೇ ಹೋಲುತ್ತವೆ, ಮತ್ತೆ ಕೆಲವು, ಈಶ್ವರಿ ಬಳ್ಳಿಯನ್ನುಂಡು ವಿಷಯುಕ್ತವಾದ ‘ಕಾಮನ್ ರೋಸ್’ ಚಿಟ್ಟೆಯ ವೇಷ ತೊಟ್ಟು ಹಕ್ಕಿಗಳನ್ನು ವಂಚಿಸುತ್ತವೆ. ವೇಷ ಬಯಲಾಗುವುದು ಮೈಯಲ್ಲಿ: ನಿಜವಾದ ರೋಸಿನ ಮೈ ಕೆಂಪು, ಮಾರ್ಮನ್ನಿನದು ಕಪ್ಪು. ಈ ಬಗೆಬಗೆಯ ಹೆಣ್ಣುಗಳೆಲ್ಲ ಒಂದೇ ಜಾತಿಯವೆಂದು ಆಲ್‌ಫ್ರೆಡ್ ರಸೆಲ್ ವ್ಯಾಲೇಸ್ 1865ರಲ್ಲಿ ವಿವರಿಸಿದ್ದನು. ಈ ವೇಷವನ್ನು ನಿಯಂತ್ರಿಸುವುದು ‘ಡಬಲ್‌ಸೆಕ್ಸ್’ ಎಂಬ ಒಂದೇ ಜೀನು ಎಂಬುದನ್ನು 2014ರಲ್ಲಿ ತೋರಿಸಿದವರು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆ ಮತ್ತು ಅವರ ಸಂಗಡಿಗರು.

ಚಿಟ್ಟೆ ಹಾರಿದ ಮೇಲೆ ತೋಳನ್ನು ಬಿಚ್ಚಿ, ತಿರುವಿ, ಬಿಸಿನೀರಿನಲ್ಲಿ ಒಗೆದು ಒಣಗಿಸಿಡಿ. ಬೋಳಾದ ಕೊಂಬೆಯನ್ನು ತುದಿಯಲ್ಲಿ ಕತ್ತರಿಸಿದರೆ ಪಕ್ಕದಲ್ಲಿ ಹೊಸ ಚಿಗುರೊಡೆಯುತ್ತದೆ. ಅದನ್ನು ಕಂಡು ತಾಯಿಚಿಟ್ಟೆ ಮತ್ತೆ ಬರುತ್ತದೆ.