ನೇರಪ್ರಸಾರದ ಬಲಿಪೂಜೆ ತಡವೇಕೆ?

ಪ್ರಶ್ನೆ: ಬೆಳಗಾವಿಯ ಚರ್ಚಿನ ಕ್ರಿಸ್ಮಸ್ ಬಲಿಪೂಜೆಯನ್ನು ಯೂಟ್ಯೂಬಿನಲ್ಲಿ ನೋಡುತ್ತೇವೆ. ಅಲ್ಲಿನ ಗಂಟೆ ಫೋನ್ ಕರೆಯಲ್ಲಿ ತಕ್ಷಣ ಕೇಳುತ್ತದೆ, ಯೂಟ್ಯೂಬಿನಲ್ಲಿ ಅರ್ಧ ನಿಮಿಷ ತಡ. ಏಕೆ?
— ಓದುಗರು, ಸಿರಸಂಗಿ

ಉತ್ತರ: ತಡಕ್ಕೆ ದೂರ ಕಾರಣವಲ್ಲ. ಬೆಳಗಾವಿಯಿಂದ ಸಿರಸಂಗಿಗೆ ಕೇಬಲ್ಲಿನಲ್ಲಿ ಬೆಳಕು ಬರಲು ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲು ಸಾಕು. ಕಾರಣ ಇರುವುದು ದೃಶ್ಯವನ್ನು ಸಾಗಿಸುವ ರೀತಿಯಲ್ಲಿ.

ಕ್ಯಾಮೆರಾ ಸೆಕೆಂಡಿಗೆ 25–30 ಚಿತ್ರ ತೆಗೆಯುತ್ತದೆ. ಎಲ್ಲವನ್ನೂ ಹಾಗೆಯೇ ಕಳಿಸಿದರೆ ನೆಟ್‌ವರ್ಕ್ ತಾಳದು. ಅಲುಗದ ಬಲಿಪೀಠ, ಗೋಡೆಗಳನ್ನು ಮತ್ತೆ ಮತ್ತೆ ಕಳಿಸದೆ, ಪಾದ್ರಿಗಳು ಎತ್ತಿದ ಕೈಯಂಥ ಬದಲಾವಣೆಯನ್ನಷ್ಟೇ ದಾಖಲಿಸಿ ಗಾತ್ರ ಕುಗ್ಗಿಸಲಾಗುತ್ತದೆ. ಬಳಿಕ ಕೆಲವು ಸೆಕೆಂಡುಗಳ ತುಣುಕು ಮಾಡಿ, ಸರ್ವರಿನಲ್ಲಿ ಬೇರೆ ಬೇರೆ ಗುಣಮಟ್ಟದ ಪ್ರತಿ ತಯಾರಿಸುತ್ತಾರೆ.

ಜೋಳವನ್ನು ಕಾಳುಕಾಳಾಗಿ ಗಿರಣಿಗೆ ಒಯ್ಯುತ್ತೇವೆಯೇ? ಚೀಲ ತುಂಬಿದ ಮೇಲೆಯೇ ಹೊರಡುತ್ತದೆ. ನಾಲ್ಕು ಚೀಲ ಮುಂಚೆಯೇ ಬಂದು ಬಿದ್ದಿದ್ದರೆ, ದಾರಿಯಲ್ಲಿ ಗಾಡಿ ನಿಂತರೂ ಗಿರಣಿ ನಿಲ್ಲದು. ನಿಮ್ಮ ಮೊಬೈಲೂ ಹೀಗೆಯೇ ಕೆಲವು ತುಣುಕು ಕೂಡಿಟ್ಟುಕೊಂಡೇ ತೋರಿಸುತ್ತದೆ.

ಫೋನ್ ಕರೆ ಹೀಗೆ ಸೆಕೆಂಡುಗಟ್ಟಲೆ ಕೂಡಿಡದು; ಮಾತಿನ ಚೂರು ಕಳೆದುಹೋದರೆ ಬಿಟ್ಟು ಮುಂದೆ ಸಾಗುತ್ತದೆ.

ಪ್ರಸಾರ ಮಾಡುವವರು ಯೂಟ್ಯೂಬಿನಲ್ಲಿ ‘ಕಡಿಮೆ ವಿಳಂಬ’ದ ಆಯ್ಕೆ ಒತ್ತಿದರೆ ತಡ ಕೆಲವೇ ಸೆಕೆಂಡಿಗೆ ಇಳಿಯುತ್ತದೆ. ಆದರೆ ಸಿಗ್ನಲ್ ಸೊರಗಿದಾಗ ಚಿತ್ರ ನಡುನಡುವೆ ನಿಲ್ಲಬಹುದು.