ಕಂಡ ಕನಸು, ಕೈಹಿಡಿದ ಕೆಲಸ



“ದೊಡ್ಡಾಂವ ಆದಮ್ಯಾಲ ಏನಾಗ್ತಿಯೋ ತಮ್ಮಾ?” ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ತಾಲ್ಲೂಕಿಗೆ ಹೋದರೂ ಮನೆಗೆ ಬಂದ ಬೀಗರು ಮಕ್ಕಳಿಗೆ ಈ ಪ್ರಶ್ನೆ ಕೇಳದೆ ಬಿಡುವುದಿಲ್ಲ. ಒಬ್ಬ ಬಸ್ ಡ್ರೈವರ್ ಆಗುತ್ತೇನೆ ಎನ್ನುತ್ತಾನೆ, ಒಬ್ಬಳು ಟೀಚರ್ ಆಗುತ್ತೇನೆ ಎನ್ನುತ್ತಾಳೆ. ಇಪ್ಪತ್ತು ವರ್ಷ ಕಳೆದ ಮೇಲೆ ಅವರೇ ಲಿಂಬೆ ತೋಟದಲ್ಲೋ, ಕಿರಾಣಿ ಅಂಗಡಿಯಲ್ಲೋ, ಗೋವಾದ ಕಟ್ಟಡ ಕೆಲಸದಲ್ಲೋ ಇರುತ್ತಾರೆ. ಹಾಗಾದರೆ ಬಾಲ್ಯದ ಕನಸು ಸುಳ್ಳಾಯಿತೇ? ಮೇ 1ರಂದು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವನ್ನು ಆಚರಿಸುವ ನಾವು ಇದನ್ನು ಯೋಚಿಸಬೇಕು.

ಮಗು ತಾನು ಕಂಡದ್ದನ್ನೇ ಕನಸುತ್ತದೆ. ಅದಕ್ಕೆ ಡ್ರೈವರನ ಕೈಯಲ್ಲಿರುವ ಸ್ಟಿಯರಿಂಗ್ ಕಾಣುತ್ತದೆ, ಅವನ ರಾತ್ರಿಪಾಳಿ ಕಾಣುವುದಿಲ್ಲ. ಆದರೆ ಆ ಮಾತಿನೊಳಗೆ ಒಂದು ಆಸೆ ಅಡಗಿರುತ್ತದೆ: ನಾಲ್ಕು ಊರು ನೋಡಬೇಕು, ನಾಲ್ಕು ಜನರಿಗೆ ಉಪಯೋಗವಾಗಬೇಕು. ಹುದ್ದೆಯ ಹೆಸರು ಬದಲಾದರೂ ಆ ಆಸೆ ಈಡೇರಬಹುದು.

ಅಬ್ದುಲ್ ಕಲಾಂ ಅವರನ್ನು ನೆನೆಯೋಣ. ಯುದ್ಧವಿಮಾನದ ಪೈಲಟ್ ಆಗುವುದು ಅವರ ಕನಸಾಗಿತ್ತು. ಡೆಹ್ರಾಡೂನಿನ ವಾಯುಪಡೆ ಆಯ್ಕೆಗೆ 25 ಮಂದಿಯಲ್ಲಿ ಒಬ್ಬರಾಗಿ ಹೋದರು. ಎಂಟು ಜನರನ್ನು ಆರಿಸಿಕೊಂಡರು, ಕಲಾಂ ಒಂಬತ್ತನೆಯವರು. ಅವರು ರಕ್ಷಣಾ ಇಲಾಖೆಯ ಕೆಲಸಕ್ಕೆ ಸೇರಿ ವಿಜ್ಞಾನಿಯಾದರು, 2002ರಲ್ಲಿ ರಾಷ್ಟ್ರಪತಿಯಾದರು. 2006ರ ಜೂನ್‌ನಲ್ಲಿ, 74ರ ವಯಸ್ಸಿನಲ್ಲಿ, ಪುಣೆಯಿಂದ ಸುಖೋಯ್ ಯುದ್ಧವಿಮಾನದಲ್ಲಿ ಹಾರಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಆಗಿನ ಬಸವನ ಬಾಗೇವಾಡಿ ತಾಲ್ಲೂಕಿನ ಆಲಮಟ್ಟಿಗೆ ಬಂದು ಅಣೆಕಟ್ಟನ್ನು ನಾಡಿಗೆ ಅರ್ಪಿಸಿದವರೂ ಅವರೇ.

ಎಲ್ಲರೂ ರಾಷ್ಟ್ರಪತಿಯಾಗುವುದಿಲ್ಲ, ನಿಜ. ಆದರೆ ಕೆಲಸದಲ್ಲಿ ಮೇಲುಕೀಳಿಲ್ಲವೆಂಬುದನ್ನು ನಮ್ಮ ನೆಲ 12ನೇ ಶತಮಾನದಲ್ಲೇ ಕಲಿಸಿದೆ. ಬಾಗೇವಾಡಿಯ ಬಸವಣ್ಣನವರು ಬಿಜ್ಜಳನ ಆಸ್ಥಾನದಲ್ಲಿ ಲೆಕ್ಕ ಬರೆದವರು. ದೇವರ ಹಿಪ್ಪರಗಿಯ ಮಾಚಯ್ಯನವರು ಬಟ್ಟೆ ಮಡಿ ಮಾಡಿದವರು. ಇಬ್ಬರೂ ಸಮಾನ ಶರಣರು. ಆಗಿನ ಇಂಡಿ ತಾಲ್ಲೂಕಿನ ಸಿಂಪಿ ಲಿಂಗಣ್ಣನವರು ಶಾಲಾ ಮಾಸ್ತರರಾಗಿದ್ದುಕೊಂಡೇ ಹಲಸಂಗಿ ಗೆಳೆಯರೊಡನೆ ಹೆಣ್ಣುಮಕ್ಕಳ ಹಾಡುಗಳನ್ನು ಕೂಡಿಹಾಕಿದರು. 1931ರಲ್ಲಿ ‘ಗರತಿಯ ಹಾಡು’ ಹೊರಬಂದಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಬದಲಾದ ಕನಸು ಬೇರೆ, ಕಸಿದುಕೊಂಡ ಕನಸು ಬೇರೆ. ಮಳೆ ಕೈಕೊಟ್ಟ ವರ್ಷ ತಂದೆತಾಯಿ ಗುಳೆ ಹೋಗುತ್ತಾರೆ. ಹತ್ತು ವರ್ಷದ ಮಗಳು ಶಾಲೆ ಬಿಟ್ಟು ಶೆಡ್ಡಿನಲ್ಲಿ ಕೂಸು ಆಡಿಸುತ್ತಾಳೆ. ಅವಳು ಟೀಚರ್ ಆಗದಿದ್ದರೆ ಅದನ್ನು ‘ಹಣೆಬರಹ’, ‘ದೇವರ ಚಿತ್ತ’ ಎಂದು ನಾವು ಕೈತೊಳೆದುಕೊಳ್ಳಬಾರದು.

6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಹಕ್ಕಾಗಿಸಿದ ಕಾನೂನು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ದುಡಿಯಲು ಹೋದ ಊರಿನ ಸರಕಾರಿ ಶಾಲೆ ಕೂಡ ವರ್ಷದ ನಡುವೆ ಬಂದ ಮಗುವನ್ನು ಸೇರಿಸಿಕೊಳ್ಳಬೇಕು. ಟಿ.ಸಿ. ತರಲು ತಡವಾಯಿತೆಂದು ತಿರುಗಿಸಿ ಕಳಿಸುವಂತಿಲ್ಲ. ಐದನೆಯ ತರಗತಿಯಲ್ಲಿರುವ ಮಕ್ಕಳು ಪ್ರವೇಶ ಪರೀಕ್ಷೆ ಬರೆದು ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಆರನೆಯ ತರಗತಿಗೆ ಸೇರಬಹುದು. ಪಕ್ಕದ ಮನೆಯವರಿಗೆ ಇದು ಗೊತ್ತಿಲ್ಲದಿದ್ದರೆ ತಿಳಿಸೋಣ, ಅರ್ಜಿ ತುಂಬಿಕೊಡೋಣ.

1955ರಲ್ಲಿ ಈ ಹಬ್ಬವನ್ನು ಸ್ಥಾಪಿಸಿದವರು ಜಗದ್ಗುರು ಹನ್ನೆರಡನೆಯ ಪಿಯುಸ್. ಬಡಗಿ ಜೋಸೆಫರ ಒಂದು ಮಾತೂ ಶುಭಸಂದೇಶಗಳಲ್ಲಿ ದಾಖಲಾಗಿಲ್ಲ. ಅವರಿಗೆ ಬಿದ್ದ ಕನಸುಗಳಿವೆ, ಎದ್ದೊಡನೆ ಅವರು ಮಾಡಿದ ಕೆಲಸವಿದೆ. ಅವರೂ ರಾತ್ರೋರಾತ್ರಿ ಊರು ಬಿಟ್ಟು ಈಜಿಪ್ಟಿಗೆ ಹೋದವರೇ. ಹೋದದ್ದು ಮಗುವನ್ನು ಉಳಿಸಲು. ನಮ್ಮ ದುಡಿಮೆಯೂ ನಮ್ಮ ಮಕ್ಕಳ ನಾಳೆಯನ್ನು ಉಳಿಸುವಂತಿರಲಿ.