ಮತ ಎಣಿಕೆಯ ನಂತರವೂ ಆರದ ಉತ್ಸಾಹ

ಚುನಾವಣೆ ಬಂತೆಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಚಹಾದಂಗಡಿಗಳಿಗೆ ಎಲ್ಲಿಲ್ಲದ ಕಳೆ. ತಮ್ಮ ಅಭ್ಯರ್ಥಿ ಗೆದ್ದೇ ಗೆಲ್ಲುತ್ತಾನೆಂದು ಪಣ ಕಟ್ಟುವವರು, ಹಲಗೆ ಬಾರಿಸುವವರು, ಊಟ ಬಿಟ್ಟು ಓಣಿ ಓಣಿ ಸುತ್ತುವವರು ಎಲ್ಲರೂ ಅಲ್ಲಿ ಸಿಗುತ್ತಾರೆ. ಎಣಿಕೆಯ ದಿನ ಗುಲಾಲು ಹಾರುತ್ತದೆ. ಮರುದಿನ ಗುಲಾಲು ತೊಳೆದುಕೊಂಡ ಬೆಂಬಲಿಗ ತನ್ನ ಹೊಲಕ್ಕೆ ಹೋಗುತ್ತಾನೆ, ಗೆದ್ದವರು ರಾಜಧಾನಿಯ ಹಾದಿ ಹಿಡಿಯುತ್ತಾರೆ. ಅಲ್ಲಿಗೆ ಆ ಉತ್ಸಾಹದ ಕಥೆ ಮುಗಿದಂತೆಯೇ. ಆದರೆ ಮುಗಿಯಲೇಬೇಕೆಂದಿಲ್ಲ ಎಂಬುದಕ್ಕೆ ದೂರದ ಅಮೆರಿಕದಲ್ಲಿ ಒಬ್ಬ ಕನ್ನಡ ಮೂಲದ ವೈದ್ಯರ ಉದಾಹರಣೆಯಿದೆ.

ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಬೆಂಬಲಿಗನ ಕೆಲಸ ಬಹಳ ಮೊದಲೇ ಶುರುವಾಗುತ್ತದೆ. ನಮ್ಮಲ್ಲಿ ಟಿಕೆಟ್ ಯಾರಿಗೆಂದು ಪಕ್ಷದ ವರಿಷ್ಠರು ತೀರ್ಮಾನಿಸುತ್ತಾರೆ. ಅಲ್ಲಿ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂಬುದಕ್ಕೂ ಒಂದೊಂದು ರಾಜ್ಯದಲ್ಲಿ ಮತದಾನ ನಡೆಯುತ್ತದೆ. ಹೀಗಾಗಿ ಹೊಸಬನೊಬ್ಬ ಮೇಲೆ ಬರಬೇಕಾದರೆ ಉತ್ಸಾಹಿ ಬೆಂಬಲಿಗರೇ ಅವನ ಬಂಡವಾಳ.

ಬರಾಕ್ ಒಬಾಮಾ 2007ರ ಫೆಬ್ರುವರಿಯಲ್ಲಿ ಕಣಕ್ಕಿಳಿದಾಗ ಅವರು ಸೆನೆಟ್ ಪ್ರವೇಶಿಸಿ ಎರಡೇ ವರ್ಷವಾಗಿತ್ತು. ಡೆಮಾಕ್ರಟಿಕ್ ಪಕ್ಷದಲ್ಲಿ ಹಿಲರಿ ಕ್ಲಿಂಟನ್ ಅವರದೇ ದೊಡ್ಡ ಹೆಸರು. ಆದರೆ 2008ರ ಜನವರಿ 3ರಂದು ಅಯೋವಾ ರಾಜ್ಯದ ಮೊದಲ ಸುತ್ತಿನಲ್ಲೇ ಒಬಾಮಾ ಗೆದ್ದರು. ಅದೇ ನವೆಂಬರ್‌ನಲ್ಲಿ ನಡೆದ ಅಂತಿಮ ಚುನಾವಣೆಯಲ್ಲಿ ಒಟ್ಟು 538 ಪ್ರತಿನಿಧಿ ಮತಗಳಲ್ಲಿ 365 ಅವರಿಗೆ ಬಂದವು.

ಆ ವರ್ಷ ಅವರ ಪರವಾಗಿ ದುಡಿದವರಲ್ಲಿ ವಿವೇಕ್ ಮೂರ್ತಿ ಎಂಬ ತರುಣ ವೈದ್ಯರೂ ಒಬ್ಬರು. ಅವರ ಕುಟುಂಬದ ಬೇರು ಮಂಡ್ಯ ಜಿಲ್ಲೆಯ ಹಲ್ಲೆಗೆರೆಯಲ್ಲಿದೆ. 1977ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಅಮೆರಿಕದ ಮಯಾಮಿಯಲ್ಲಿ ಬೆಳೆದ ಅವರು ಹಾರ್ವರ್ಡ್ ಮತ್ತು ಯೇಲ್ ವಿಶ್ವವಿದ್ಯಾಲಯಗಳಲ್ಲಿ ಓದಿದರು. ತಂದೆಯೂ ವೈದ್ಯರು. 2008ರಲ್ಲಿ ವಿವೇಕ್ ಸಂಗಡಿಗರೊಂದಿಗೆ ‘ಡಾಕ್ಟರ್ಸ್ ಫಾರ್ ಒಬಾಮಾ’ ಎಂಬ ಸಂಘಟನೆ ಕಟ್ಟಿದರು. ಆಗ ಅಮೆರಿಕದಲ್ಲಿ ನಾಲ್ಕೂವರೆ ಕೋಟಿಗೂ ಹೆಚ್ಚು ಜನರಿಗೆ ಆರೋಗ್ಯ ವಿಮೆ ಇರಲಿಲ್ಲ. ಆ ದೇಶದಲ್ಲಿ ವಿಮೆ ಇಲ್ಲದವನು ಆಸ್ಪತ್ರೆ ಸೇರಿದರೆ ಮನೆ ಮಾರುವ ಪರಿಸ್ಥಿತಿಯೂ ಬರಬಹುದು. ಈ ವೈದ್ಯರ ಉತ್ಸಾಹಕ್ಕೆ ಒಬ್ಬ ವ್ಯಕ್ತಿಯಷ್ಟೇ ಅಲ್ಲ, ಈ ಪ್ರಶ್ನೆಯೂ ಕಾರಣವಾಗಿತ್ತು.

ಒಲೆ ಹಚ್ಚುವವರಿಗೆ ಒಂದು ಸಂಗತಿ ಗೊತ್ತು. ಒಣಹುಲ್ಲು ಭಗ್ಗನೆ ಉರಿದು ಕ್ಷಣದಲ್ಲಿ ಬೂದಿಯಾಗುತ್ತದೆ. ಕುಳ್ಳು ನಿಧಾನವಾಗಿ ಹೊತ್ತಿಕೊಂಡರೂ ಬಹಳ ಹೊತ್ತು ಕಾವು ಕೊಡುತ್ತದೆ. ಒಳಗೆ ಗಾಳಿ ಆಡುವುದು ಕಡಿಮೆಯಾದ್ದರಿಂದ ಅದು ಹೊರಗಿನಿಂದ ಒಳಕ್ಕೆ ಸಾವಕಾಶವಾಗಿ ಉರಿಯುತ್ತದೆ. ಅನ್ನ ಬೇಯುವುದು ಜ್ವಾಲೆಯ ಎತ್ತರದಿಂದಲ್ಲ, ನಿಲ್ಲುವ ಕಾವಿನಿಂದ.

ಗೆಲುವಿನ ನಂತರ ಆ ಸಂಘಟನೆ ಬಾಗಿಲು ಮುಚ್ಚಲಿಲ್ಲ. ಒಬಾಮಾ ಹೆಸರನ್ನು ಬಿಟ್ಟು ‘ಡಾಕ್ಟರ್ಸ್ ಫಾರ್ ಅಮೆರಿಕ’ ಎಂದಾಯಿತು. ಹೆಸರಿನ ಈ ಬದಲಾವಣೆ ಸಣ್ಣದೆನಿಸಿದರೂ ಅರ್ಥ ದೊಡ್ಡದು. ಆರೋಗ್ಯ ಸುಧಾರಣಾ ಮಸೂದೆಗಾಗಿ ಈ ವೈದ್ಯರು ದುಡಿದರು. 2010ರ ಮಾರ್ಚ್ 23ರಂದು ಅದಕ್ಕೆ ಒಬಾಮಾ ಸಹಿ ಹಾಕಿದರು.

ಉತ್ಸಾಹಕ್ಕೆ ಬೆಲೆಯನ್ನೂ ತೆರಬೇಕಾಯಿತು. ಬಂದೂಕಿನ ಹಾವಳಿ ಆರೋಗ್ಯದ ಪ್ರಶ್ನೆಯೇ ಎಂದು ವಿವೇಕ್ 2012ರಲ್ಲಿ ಟ್ವಿಟರ್‌ನಲ್ಲಿ ಬರೆದಿದ್ದರು. 2013ರ ನವೆಂಬರ್‌ನಲ್ಲಿ ಒಬಾಮಾ ಅವರನ್ನು ಸರ್ಜನ್ ಜನರಲ್ ಹುದ್ದೆಗೆ ಸೂಚಿಸಿದಾಗ ಆ ಮಾತೇ ಅಡ್ಡಬಂತು. ಸರ್ಜನ್ ಜನರಲ್ ಎಂದರೆ ಇಡೀ ದೇಶಕ್ಕೆ ಆರೋಗ್ಯದ ಬುದ್ಧಿಮಾತು ಹೇಳುವ ವೈದ್ಯ. ಬಂದೂಕು ಮಾಲೀಕರ ಪ್ರಬಲ ಸಂಘವಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಬಲವಾಗಿ ವಿರೋಧಿಸಿತು. ‘ಇವರು ಒಬಾಮಾ ಅವರ ಪ್ರಚಾರಕ’ ಎಂಬ ಟೀಕೆಯೂ ಕೇಳಿಬಂತು. ವರ್ಷಕ್ಕೂ ಹೆಚ್ಚು ಕಾಲ ಕಾದ ಮೇಲೆ, 2014ರ ಡಿಸೆಂಬರ್ 15ರಂದು 51–43 ಮತಗಳಿಂದ ಸೆನೆಟ್ ಒಪ್ಪಿಗೆ ನೀಡಿತು. ಆ ಹುದ್ದೆಗೇರಿದ ಮೊದಲ ಭಾರತೀಯ ಮೂಲದವರು ಅವರೇ.

2017ರಲ್ಲಿ ಡೊನಾಲ್ಡ್ ಟ್ರಂಪ್ ಆಡಳಿತ ಅವರನ್ನು ಹುದ್ದೆಯಿಂದ ಇಳಿಸಿತು. 2021ರಲ್ಲಿ ಜೋ ಬೈಡನ್ ಮತ್ತೆ ಕರೆತಂದರು. 2024ರ ಜೂನ್‌ನಲ್ಲಿ ಅವರು ಬಂದೂಕಿನ ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಬಿಕ್ಕಟ್ಟೆಂದು ಅಧಿಕೃತವಾಗಿಯೇ ಸಾರಿದರು. ಹುದ್ದೆಗೆ ಅಡ್ಡಿಯಾಗಿದ್ದ ಮಾತನ್ನು ಹನ್ನೆರಡು ವರ್ಷಗಳ ನಂತರವೂ ಬಿಟ್ಟಿರಲಿಲ್ಲ. ಸರ್ಕಾರ ಬದಲಾದ ಮೇಲೆ, 2025ರಲ್ಲಿ, ಆ ಪ್ರಕಟಣೆಯನ್ನು ಸರ್ಕಾರಿ ಜಾಲತಾಣದಿಂದ ತೆಗೆದುಹಾಕಲಾಯಿತು. ಗೆಲುವು ಶಾಶ್ವತವಲ್ಲ ಎಂಬ ಪಾಠವೂ ಇದರಲ್ಲಿದೆ.

ಇಂಥ ಉತ್ಸಾಹ ಅಮೆರಿಕಕ್ಕೇ ಮೀಸಲೆಂದು ಭಾವಿಸಬೇಕಿಲ್ಲ. 1952ರ ಮೊದಲ ಮಹಾಚುನಾವಣೆಯಲ್ಲಿ ಈ ಭಾಗ ಹೈದರಾಬಾದ್ ರಾಜ್ಯದಲ್ಲಿತ್ತು, ಕುಷ್ಟಗಿಯೇ ಒಂದು ಲೋಕಸಭಾ ಕ್ಷೇತ್ರವಾಗಿತ್ತು. ದೇಶವೆಲ್ಲ ಕಾಂಗ್ರೆಸ್ಸಿನ ಅಲೆಯಲ್ಲಿದ್ದಾಗ ಇಲ್ಲಿನ ಮತದಾರರು ಅಳವಂಡಿ ಶಿವಮೂರ್ತಿಸ್ವಾಮಿಯವರನ್ನು ಪಕ್ಷೇತರರಾಗಿ ದೆಹಲಿಗೆ ಕಳಿಸಿದರು. ನಿಜಾಮನ ಆಳ್ವಿಕೆಯ ವಿರುದ್ಧದ ಹೋರಾಟದಲ್ಲಿ ಮುಂಡರಗಿ ಶಿಬಿರವನ್ನು ಮುನ್ನಡೆಸಿದ್ದವರು ಅವರು. ಜನ ಮತ ಹಾಕಿದ್ದು ಮುಖ ನೋಡಿ ಅಲ್ಲ, ಮಾಡಿದ ಕೆಲಸ ನೋಡಿ. ಕರ್ನಾಟಕದ ಏಕೀಕರಣಕ್ಕಾಗಿ ಅವರು ದನಿಯೆತ್ತಿದರು. 1956ರ ನವೆಂಬರ್ 1ರಂದು ಈ ತಾಲ್ಲೂಕುಗಳು ಕನ್ನಡ ನಾಡನ್ನು ಸೇರಿದವು. 1962ರಲ್ಲಿ ಅವರು ಕೊಪ್ಪಳ ಕ್ಷೇತ್ರದಿಂದ ಮತ್ತೆ ಗೆದ್ದರು.

ನಾಯಕನೊಬ್ಬನ ಮೇಲೆ ಭರವಸೆ ಇಡುವುದು ತಪ್ಪಲ್ಲ. ಭರವಸೆಯಿಲ್ಲದ ಪ್ರಜಾಪ್ರಭುತ್ವ ನೀರಿಲ್ಲದ ಕಾಲುವೆಯಂತೆ. ಆದರೆ ಬೆಂಬಲಿಗ ತನ್ನನ್ನು ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು: ತನ್ನ ಜೈಕಾರ ಯಾವ ಕೆಲಸಕ್ಕಾಗಿ? ಊರಿನ ಕುಡಿಯುವ ನೀರಿಗೋ, ಕಾಲುವೆಯ ಕೊನೆಯ ರೈತನ ಸರದಿಗೋ, ಶಾಲೆಯ ಖಾಲಿ ಹುದ್ದೆಗೋ? ಉತ್ತರ ಗೊತ್ತಿದ್ದವನು ಎಣಿಕೆಯ ಮರುದಿನವೂ ಸುಮ್ಮನೆ ಕೂಡುವುದಿಲ್ಲ. ಗೆದ್ದವರ ಮನೆಯ ಬಾಗಿಲಿಗೆ ಹಾರ ಹಿಡಿದು ಹೋಗುವ ಬದಲು ಅರ್ಜಿ ಹಿಡಿದು ಹೋಗುತ್ತಾನೆ.